ಮಳೆಗಾಲಕ್ಕೆ ಮುಂಚೆ ಕೂದಲಿಗೆ ಏನು ಮಾಡಿಸೋಣ: ಎಣ್ಣೆಯೋ, ಸ್ಪಾವೋ, ಕೆರಾಟಿನ್ನೋ, ಸ್ಮೂದನಿಂಗೋ?

ಏಪ್ರಿಲ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಕೂದಲಿನ ವಿಷಯಕ್ಕೇ. ನಾನು ಬ್ಯೂಟಿಶಿಯನ್ ಅಲ್ಲ. ಕುಮಟಾದಲ್ಲಿ ಹುಟ್ಟಿ, ಶಿರಸಿಗೆ ಮದುವೆಯಾಗಿ, ಕೆಲಸಕ್ಕೆಂದು ಕಾರವಾರದಲ್ಲಿರುವವಳು. ಹದಿನೈದು ವರ್ಷ ಮೂರೂ ಊರಿನ ಪಾರ್ಲರುಗಳಿಗೆ ದುಡ್ಡು ಕೊಟ್ಟಿದ್ದೇನೆ, ಒಮ್ಮೆ ದುಡ್ಡಿನ ಜೊತೆ ಕೂದಲನ್ನೂ ಅಲ್ಲೇ ಬಿಟ್ಟು ಬಂದಿದ್ದೇನೆ. ಆ ಕಥೆ ನಂಟರಿಷ್ಟರಿಗೆಲ್ಲ ಗೊತ್ತಿರುವುದರಿಂದ "ಮೊದಲು ಅಕ್ಕನ ಹತ್ರ ಒಂದು ಮಾತು ಕೇಳು" ಅಂತ ಕಳಿಸುತ್ತಾರೆ.

ಈ ಸಲ ಕೇಳಿದವರು ಮೂವರು. ಶಿರಸಿ ಹತ್ತಿರದ ಹಳ್ಳಿಯ ಹುಡುಗಿ, ಮೇ ಎರಡನೇ ವಾರ ಮದುವೆ. ಸದಾಶಿವಗಡದಿಂದ ದಿನಾ ಸ್ಕೂಟರಿನಲ್ಲಿ ಕಾಳಿ ಸೇತುವೆ ದಾಟಿ ಕಾರವಾರದ ಆಫೀಸಿಗೆ ಬರುವ ನನ್ನ ಸಹೋದ್ಯೋಗಿ. ಸೇತುವೆಯ ಗಾಳಿ, ಹೆಲ್ಮೆಟ್ಟು, ಬೆವರು ಸೇರಿ ಒಂಬತ್ತೂವರೆಗೆ ಅವಳ ತಲೆ ನೋಡಿದರೆ ಹುಲ್ಲುಬಣವೆ. ಮೂರನೆಯವಳು ಹೊನ್ನಾವರದ ನನ್ನ ಚಿಕ್ಕಮ್ಮನ ಮಗಳು, ಹೆರಿಗೆಯಾಗಿ ನಾಲ್ಕು ತಿಂಗಳು, ಬಾಚಣಿಗೆ ತುಂಬ ಕೂದಲು. ಮೂವರಿಗೂ ಅವರವರ ಪಾರ್ಲರಿನವರು ಹೇಳಿದ್ದು ಒಂದೇ: "ಕೆರಾಟಿನ್ ಮಾಡಿಸ್ಕೊಳ್ಳಿ, ಚಲೋ ಆಗ್ತದೆ."

ಮೂವರಿಗೂ ಅದೇ ಹೇಗೆ ಚಲೋ ಆಗಲು ಸಾಧ್ಯ?

ಹೆಸರು ನೋಡುವ ಮುಂಚೆ

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಐದು ವಿಷಯ ನಿಮ್ಮಷ್ಟಕ್ಕೆ ನೀವೇ ಖಾತ್ರಿ ಮಾಡಿಕೊಳ್ಳಿ.

ಮೊದಲನೆಯದು, ನಿಮಗೆ ನಿಜವಾಗಿ ಬೇಕಾದದ್ದೇನು? ಗುಂಗುರು ಕೂದಲು ನೇರವಾಗಬೇಕೋ, ಕೆದರಿ ನಿಲ್ಲುವುದು ತಗ್ಗಿದರೆ ಸಾಕೋ, ಉದುರುವುದು ನಿಲ್ಲಬೇಕೋ? ಮೂರೂ ಬೇರೆ ಬೇರೆ ಕಾಯಿಲೆ. ಉದುರುವುದಕ್ಕೆ ಪಾರ್ಲರಿನ ಯಾವ ಕುರ್ಚಿಯಲ್ಲೂ ಮದ್ದಿಲ್ಲ.

ಎರಡನೆಯದು, ಕಳೆದ ಎರಡು ವರ್ಷದಲ್ಲಿ ಆ ಕೂದಲಿಗೆ ಏನೇನು ಬಿದ್ದಿದೆ? ಬಣ್ಣ, ಮದರಂಗಿ, ಹಳೆಯ ಸ್ಟ್ರೇಟನಿಂಗ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೊಂಟದವರೆಗಿನ ಕೂದಲಿನ ತುದಿಗೆ ನಾಲ್ಕೈದು ವರ್ಷ ವಯಸ್ಸು. ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್.

ಮೂರನೆಯದು, ಮಾಡಿಸಿದ ಮೇಲಿನ ಮೂರು ದಿನ. ಕೆರಾಟಿನ್ ಇರಲಿ, ಸ್ಮೂದನಿಂಗ್ ಇರಲಿ, ಸಾಮಾನ್ಯವಾಗಿ ಎರಡು ಮೂರು ದಿನ ನೀರು ಸೋಕಿಸಬೇಡಿ, ಕಟ್ಟಬೇಡಿ, ಕ್ಲಿಪ್ ಹಾಕಬೇಡಿ ಅನ್ನುತ್ತಾರೆ. ಬೆಂಗಳೂರಿನ ಏಸಿ ಆಫೀಸಿನಲ್ಲಿ ಇದು ಸುಲಭ. ಮೇ ತಿಂಗಳ ಕಾರವಾರದ ಶೆಕೆಯಲ್ಲಿ, ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ಬೆವರದೆ ಮೂರು ದಿನ ಹೇಗಿರುತ್ತೀರಿ? ನನ್ನ ವಾರಗಿತ್ತಿ ಆರು ಸಾವಿರ ಕೊಟ್ಟು ಮಾಡಿಸಿಕೊಂಡು ಬಂದ ಮಾರನೇ ದಿನವೇ ದಾಯಾದಿಯೊಬ್ಬರು ತೀರಿಕೊಂಡರು. ಸೂತಕದ ಸ್ನಾನ ತಲೆಮೇಲೇ ಆಗಬೇಕು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ತಂಬಿಗೆ ಕೈಗೆ ಕೊಟ್ಟರು ಅಷ್ಟೇ.

ನಾಲ್ಕನೆಯದು, ವರ್ಷದ ಖರ್ಚು. ಪಾರ್ಲರಿನ ಬಿಲ್ಲಿನ ಜೊತೆ ಅದಕ್ಕೆಂದೇ ಕೊಳ್ಳುವ ಶಾಂಪೂ, ಕಂಡೀಷನರು, ಮತ್ತೆ ಮತ್ತೆ ಹೋಗಿಬರುವುದು ಸೇರಬೇಕು.

ಐದನೆಯದು, ಹಾಳಾದರೆ ಹಿಂದಕ್ಕೆ ಬರಬಹುದೇ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಸ್ಪಾ ಇಷ್ಟವಾಗದಿದ್ದರೆ ಎರಡು ಸಲ ತಲೆ ತೊಳೆದರೆ ಹೋಯಿತು. ಸ್ಮೂದನಿಂಗ್ ಹಾಳಾದರೆ ಕತ್ತರಿಯೇ ಗತಿ.

ಕೂದಲು ಏಳುವುದೇಕೆ

ರಾತ್ರಿ ಒದ್ದೆ ತಲೆಯಲ್ಲೇ ಜಡೆ ಹಾಕಿ ಮಲಗಿ, ಬೆಳಿಗ್ಗೆ ಬಿಚ್ಚಿ ನೋಡಿ. ಅಲೆ ಅಲೆಯಾಗಿ ನಿಂತಿರುತ್ತದೆ. ಮಧ್ಯಾಹ್ನ ಒಂದು ಹನಿ ಮಳೆ ಬಿದ್ದರೆ ಆ ಅಲೆ ಮಾಯ. ಕೂದಲೊಳಗೆ ನೀರಿಗೆ ಬಿಚ್ಚಿ, ಒಣಗಿದಾಗ ಕಟ್ಟಿಕೊಳ್ಳುವ ದುರ್ಬಲ ಬಂಧಗಳಿವೆ. ಇಸ್ತ್ರಿ ಪೆಟ್ಟಿಗೆಯಂಥ ಸ್ಟ್ರೇಟ್ನರ್ ಒತ್ತಿದಾಗ ಬದಲಾಗುವುದೂ ಅವೇ. ಅದಕ್ಕೇ ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡ ಬ್ಲೋ ಡ್ರೈ ಅರಬೈಲು ಘಟ್ಟ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಕರಾವಳಿಯ ಗಾಳಿಯಲ್ಲಿರುವ ನೀರೇ ಸಾಕು.

ಇನ್ನೊಂದು ಬಗೆಯದು ಗಂಧಕದ ಗಟ್ಟಿ ಬಂಧ. ಗುಂಗುರು ಹುಟ್ಟಿನಿಂದ ಗುಂಗುರಾಗಿ ನಿಲ್ಲುವುದರಲ್ಲಿ ಇದರ ಪಾತ್ರ ದೊಡ್ಡದು. ನೀರಿಗೆ ಇದು ಜಗ್ಗುವುದಿಲ್ಲ, ರಾಸಾಯನಿಕವೇ ಬೇಕು. ಕೆಳಗಿನ ಆಯ್ಕೆಗಳಲ್ಲಿ ಯಾವುದು ಹೊರಗಿನಿಂದ ಲೇಪ ಹಚ್ಚುತ್ತದೆ, ಯಾವುದು ಒಳಗಿನ ಗಟ್ಟಿ ಬಂಧವನ್ನೇ ಒಡೆಯುತ್ತದೆ ಎನ್ನುವುದು ಗೊತ್ತಾದರೆ ಅರ್ಧ ನಿರ್ಧಾರ ಆದಂತೆ.

ಮನೆಯ ಎಣ್ಣೆ, ಸೊಪ್ಪಿನ ಲೋಳೆ

ಇದನ್ನು ಮೊದಲಿಗೆ ಇಟ್ಟಿದ್ದು ಅಜ್ಜಿಯ ಮೇಲಿನ ಪ್ರೀತಿಯಿಂದಲ್ಲ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ ನೋಡಿದಾಗ, ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯುತ್ತದೆ. ಅಂದರೆ ತಲೆಸ್ನಾನಕ್ಕೆ ಮುಂಚೆ ಹಚ್ಚಿದ ಎಣ್ಣೆಗೆ ಬೆಲೆಯಿದೆ. ಸ್ನಾನದ ಮೇಲೆ ಹಚ್ಚಿ ಹೊರಬಿದ್ದರೆ ಹೆದ್ದಾರಿಯ ಧೂಳು ಕೂರುತ್ತದೆ ಅಷ್ಟೇ.

ಮತ್ತಿ ಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ಬರುವ ಹಸಿರು ಲೋಳೆ ಸಿಕ್ಕು ಬಿಡಿಸುವುದರಲ್ಲಿ ಪೇಟೆಯ ಎಷ್ಟೋ ಕಂಡೀಷನರಿಗಿಂತ ವಾಸಿ. ತೊಂದರೆ ಬೇರೆ ಇದೆ: ಕಿವುಚಿ, ಸೋಸಿ, ಹಚ್ಚಿ, ಬಚ್ಚಲ ತುಂಬ ಅಂಟಿದ ಎಲೆಚೂರು ತೊಳೆಯಲು ಭಾನುವಾರದ ಒಂದೂವರೆ ತಾಸು ಬೇಕು. ಕೂದಲೂ ನೇರವಾಗುವುದಿಲ್ಲ. ಕೆದರುವುದು ತಗ್ಗಿದರೆ ಸಾಕು, ಕೈಯಲ್ಲಿ ಹೊತ್ತಿದೆ, ಖರ್ಚು ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಹೇರ್ ಸ್ಪಾ

ಕ್ರೀಮು ಹಚ್ಚಿ ತಿಕ್ಕುತ್ತಾರೆ, ಆವಿ ಕೊಡುತ್ತಾರೆ, ತೊಳೆಯುತ್ತಾರೆ. ಮುಕ್ಕಾಲು ತಾಸಿನಿಂದ ಒಂದು ತಾಸು. ಲೇಪದ ಕೆಲಸ ಮಾತ್ರ, ಬಂಧ ಒಡೆಯುವುದಿಲ್ಲ. ಎರಡು ಮೂರು ತಲೆಸ್ನಾನದವರೆಗೆ ಮೆತ್ತಗಿರುತ್ತದೆ. ಕಳೆದ ವರ್ಷ ನಾನು ವಿಚಾರಿಸಿದಲ್ಲೆಲ್ಲ 600ರಿಂದ 1,200 ರೂಪಾಯಿ ಹೇಳಿದರು. ಇದಕ್ಕೆ ದೊಡ್ಡ ಸಲೂನೇ ಬೇಕೆಂದಿಲ್ಲ; ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ಇಟ್ಟುಕೊಂಡ ಅಕ್ಕಂದಿರು ಕೆಲವೊಮ್ಮೆ ಇನ್ನೂ ನಿಧಾನವಾಗಿ, ಚೊಕ್ಕವಾಗಿ ಮಾಡುತ್ತಾರೆ. "ಡ್ಯಾಂಡ್ರಫ್ ಸ್ಪಾ", "ಹೇರ್‌ಫಾಲ್ ಸ್ಪಾ" ಅಂತ ಮುನ್ನೂರು ಜಾಸ್ತಿ ಕೇಳಿದರೆ ಮಾತ್ರ ಕೊಡಬೇಡಿ.

ಕೆರಾಟಿನ್

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈಗ ಎಲ್ಲ ಪಾರ್ಲರುಗಳೂ ಮಾರುತ್ತಿರುವುದು ಇದನ್ನೇ.

ಕೆರಾಟಿನ್ ಅಂದರೆ ಕೂದಲಲ್ಲೇ ಇರುವ ಪ್ರೋಟೀನ್. ಹೆಸರಿನಲ್ಲಿ ಅದಿದ್ದರೂ ಕೆಲಸ ಮಾಡುವುದು ಬಹುಮಟ್ಟಿಗೆ ಅದಲ್ಲ. ಹಳೆಯ ಬಗೆಯ ಕ್ರೀಮುಗಳಲ್ಲಿ ಫಾರ್ಮಾಲ್ಡಿಹೈಡ್, ಈಚಿನ ಹಲವದರಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಹಚ್ಚಿ, ಒಣಗಿಸಿ, ಇನ್ನೂರು ಡಿಗ್ರಿ ದಾಟಿದ ಸ್ಟ್ರೇಟ್ನರಿನಿಂದ ಎಳೆ ಎಳೆಯಾಗಿ ಒತ್ತುತ್ತಾರೆ. ಕೂದಲು ಮೂರರಿಂದ ಐದು ತಿಂಗಳು ಮಾತು ಕೇಳುತ್ತದೆ, ಆಮೇಲೆ ಮೆಲ್ಲಗೆ ಹಳೆಯ ಸ್ಥಿತಿಗೆ ಬರುತ್ತದೆ. ಪೂರ್ತಿ ನೇರವಾಗುವುದಿಲ್ಲ, ಗುಂಗುರು ಸಡಿಲವಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆ ಹೇಳಿ ಮಾಡಿಸಿದಂತಿದೆ, ಒಪ್ಪುತ್ತೇನೆ.

ತೊಂದರೆ ಹೊಗೆಯದು. ನಾನು ಮಾಡಿಸಿಕೊಂಡದ್ದು ಒಂದು ಸಣ್ಣ ಏಸಿ ಕೋಣೆಯಲ್ಲಿ, ಬಾಗಿಲು ಕಿಟಕಿ ಎಲ್ಲ ಮುಚ್ಚಿತ್ತು. ಸ್ಟ್ರೇಟ್ನರ್ ಒತ್ತಿದಾಗಲೆಲ್ಲ ಬಿಳಿ ಹೊಗೆ ಏಳುತ್ತಿತ್ತು, ಹತ್ತು ನಿಮಿಷದಲ್ಲಿ ಕಣ್ಣಲ್ಲಿ ನೀರು, ಗಂಟಲಲ್ಲಿ ಕಾರ ಮೆಣಸಿನ ಒಗ್ಗರಣೆಯ ಘಾಟು. ಮಾಡುತ್ತಿದ್ದ ಹುಡುಗಿ ದುಪ್ಪಟ್ಟಾ ಮೂಗಿಗೆ ಸುತ್ತಿಕೊಂಡಿದ್ದಳು. ದಿನಕ್ಕೆ ಎಷ್ಟು ಮಾಡ್ತೀಯೇ ತಂಗಿ ಅಂತ ಕೇಳಿದೆ. "ಸೀಸನ್ನಲ್ಲಿ ಮೂರು, ಅಕ್ಕಾ" ಅಂದಳು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿಗೆ ಸೇರಿಸಿದೆ. ನಾನು ವರ್ಷಕ್ಕೊಮ್ಮೆ ಎರಡು ತಾಸು ಕೂತು ಎದ್ದು ಬಂದೆ. ಅವಳು ಅಲ್ಲೇ ಇದ್ದಾಳೆ.

"ನಮ್ಮದು ಫಾರ್ಮಾಲಿನ್ ಇಲ್ಲದ್ದು" (ಫಾರ್ಮಾಲಿನ್ ಅಂದರೆ ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್) ಅಂದರೆ ಅಲ್ಲಿಗೇ ಸಮಾಧಾನವಾಗಬೇಡಿ. ಡಬ್ಬಿಯ ಹಿಂದೆ ಮಿಥಿಲೀನ್ ಗ್ಲೈಕಾಲ್ ಎಂದಿದ್ದರೆ ಅದೂ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುವಂಥದ್ದೇ. ಗ್ಲೈಆಕ್ಸಿಲಿಕ್ ಆಸಿಡ್ ಕೂಡ ನಿರಪಾಯವೇನಲ್ಲ. ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ 26 ವರ್ಷದ ಹೆಂಗಸಿಗೆ 2020, 2021, 2022ರಲ್ಲಿ ಮೂರು ಸಲ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಮೂರು ಸಲವೂ ಕೂದಲು ನೇರ ಮಾಡಿಸಿಕೊಂಡ ದಿನವೇ ವಾಂತಿ, ಬೆನ್ನುನೋವು ಶುರುವಾಗಿತ್ತು. ಕ್ರೀಮಿನಲ್ಲಿ ಈ ಆಸಿಡ್ ಇತ್ತು, ಹಚ್ಚುವಾಗ ನೆತ್ತಿ ಉರಿದಿತ್ತು. ಇಂಥದ್ದು ಅಪರೂಪ. ಆದರೂ ಇದರಿಂದ ಎರಡು ನಿಯಮ ಹುಟ್ಟುತ್ತವೆ: ಕ್ರೀಮು ನೆತ್ತಿಗೆ ತಾಗದಂತೆ ಬುಡದಿಂದ ಒಂದು ಬೆರಳು ಬಿಟ್ಟು ಹಚ್ಚಬೇಕು, ಉರಿ ಬಂದರೆ ಸಂಕೋಚ ಬಿಟ್ಟು ತಕ್ಷಣ ತೊಳೆಸಬೇಕು. ಬಸುರಿಯರು, ಹಾಲುಣಿಸುವವರು, ದಮ್ಮಿನ ತೊಂದರೆಯವರು, ಕಿಡ್ನಿ ತೊಂದರೆಯವರು ಈ ಕುರ್ಚಿಯಲ್ಲಿ ಕೂರಲೇಬಾರದು.

ಹೇರ್ ಬೊಟಾಕ್ಸ್ ಅಂತ ಇನ್ನೊಂದು ಬೋರ್ಡು ಕಾಣುತ್ತದೆ. ಸೂಜಿಯೂ ಇಲ್ಲ, ಮುಖದ ಸುಕ್ಕಿಗೆ ಚುಚ್ಚುವ ಬೊಟಾಕ್ಸೂ ಇಲ್ಲ. ಬಿಸಿ ಮಾಡಿ ಒತ್ತುವ ಇನ್ನೊಂದು ಕ್ರೀಮು. ಡಬ್ಬಿ ಓದಿ, ಅದೇ ಆಸಿಡ್ ಸಿಗಬಹುದು.

ಸ್ಮೂದನಿಂಗ್, ರಿಬಾಂಡಿಂಗ್

ಎರಡೂ ಅಣ್ಣತಮ್ಮಂದಿರು. ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೋಲೇಟ್ ಇರುವ ಕ್ರೀಮು ಗಟ್ಟಿ ಬಂಧವನ್ನು ಒಡೆಯುತ್ತದೆ, ಸ್ಟ್ರೇಟ್ನರ್ ನೇರ ಮಾಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಇರುವ ಎರಡನೇ ಕ್ರೀಮು ಹೊಸ ಆಕಾರದಲ್ಲಿ ಬಂಧ ಕಟ್ಟುತ್ತದೆ. ರಿಬಾಂಡಿಂಗಿನಲ್ಲಿ ಹಲಗೆಯಂತೆ ನೇರ, ಸ್ಮೂದನಿಂಗಿನಲ್ಲಿ ತುಸು ಸಹಜ. ಮಾಡಿಸಿದಷ್ಟು ಕೂದಲು ಮಳೆಗೂ ಜಗ್ಗದೆ ಹಾಗೇ ಇರುತ್ತದೆ. ಬುಡದಿಂದ ಬರುವುದು ಹಳೆಯದೇ. ಆರು ತಿಂಗಳಿಗೆ ಮೇಲೆ ನಾಲ್ಕು ಬೆರಳು ಗುಂಗುರು, ಕೆಳಗೆ ಹಲಗೆ. ಟಚಪ್ ಅಂತ ಮತ್ತೆ ಹೋಗುತ್ತೀರಿ.

ನನ್ನ ಕಥೆ ಇಲ್ಲಿಯದು. ಬಿಳಿಕೂದಲಿಗೆಂದು ಎರಡು ವರ್ಷ ಪ್ಯಾಕೆಟಿನ ಕಪ್ಪು ಮೆಹಂದಿ ಹಚ್ಚುತ್ತಿದ್ದೆ. ಮದರಂಗಿಯ ಎಲೆಗೆ ಕಪ್ಪು ಬಣ್ಣ ಕೊಡುವ ಗುಣವೇ ಇಲ್ಲ, ಅದು ಕೆಂಪು ಮಾತ್ರ. ಪ್ಯಾಕೆಟಿನ ಕಪ್ಪು ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ ಬಣ್ಣದ್ದು, ಅಂದರೆ ಹೇರ್ ಡೈಯೇ. ಪಾರ್ಲರಿನವರು ಕೇಳಲಿಲ್ಲ, "ಮೆಹಂದಿ ತಾನೇ" ಅಂತ ನಾನೂ ಹೇಳಲಿಲ್ಲ. ಮೊದಲ ಕ್ರೀಮು ತೊಳೆದು ಬಾಚುವಾಗ ಕೂದಲು ಬೆಂದ ಶ್ಯಾವಿಗೆಯ ಹಾಗೆ ಜಗ್ಗಿ ಬಂತು. ಕನ್ನಡಿಯಲ್ಲಿ ಆ ಹುಡುಗಿಯ ಮುಖ ಬಿಳಿಚಿದ್ದನ್ನು ನೋಡಿದೆ. ಕುತ್ತಿಗೆಯ ಮೇಲೆ, ಎಡಗಡೆ, ಒಂದು ಹಿಡಿಯಷ್ಟು ತುಂಡಾಗಿ ಟವೆಲ್ಲಿನಲ್ಲೇ ಉಳಿಯಿತು. "ಹೊಸ ಕೂದಲು ಬರ್ತದೆ ಅಕ್ಕಾ" ಅಂದಳು. ಬಂತು, ಎರಡು ವರ್ಷಕ್ಕೆ. ಬಿಲ್ಲಿನಲ್ಲಿ ಮುನ್ನೂರು ಬಿಟ್ಟರು.

ಅಂದಿನಿಂದ ಎರಡು ಪರೀಕ್ಷೆ ಮಾಡದೆ ಯಾರನ್ನೂ ಕಳಿಸುವುದಿಲ್ಲ. ಒಂದು ಒದ್ದೆ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ: ತುಸು ಜಗ್ಗಿ ವಾಪಸಾದರೆ ಸರಿ, ಜಗ್ಗಿ ಹಾಗೇ ಉಳಿದರೆ, ಇಲ್ಲ ಪಟ್ಟನೆ ತುಂಡಾದರೆ, ಆ ಕೂದಲಿಗೆ ಈ ಕೆಲಸ ಬೇಡ. ಎರಡನೆಯದು, ಒಳಗಡೆಯ ಒಂದು ಸಣ್ಣ ಎಳೆಗೆ ಮಾತ್ರ ಕ್ರೀಮು ಹಚ್ಚಿ ನೋಡಲು ಪಾರ್ಲರಿನವರಿಗೆ ಹೇಳಿ. ಮೆಹಂದಿ ಹಚ್ಚಿದ ಕೂದಲಿಗೆ ಇದು ಕಡ್ಡಾಯ. "ಅದೆಲ್ಲ ಬೇಡ, ನಾವು ದಿನಾ ಮಾಡ್ತೇವೆ" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ದುಡ್ಡಿನ ಮಾತು

ಫೋನಿನಲ್ಲಿ ಹೇಳುವ ದರ ಸಾಮಾನ್ಯವಾಗಿ ಭುಜದವರೆಗಿನ ಕೂದಲಿನದು. 3,500 ಅಂತ ಕೇಳಿ ಹೋದ ನನ್ನ ಅತ್ತಿಗೆಗೆ "ಉದ್ದ, ದಟ್ಟ" ಅಂತ 6,200 ಬಿಲ್ಲಾಯಿತು. ಕೂದಲು ಬಿಚ್ಚಿ ತೋರಿಸಿ, ಒಟ್ಟು ಎಷ್ಟು ಅಂತ ಬರೆಸಿಕೊಂಡೇ ಕೂರಿ.

ನಾನು ಕೇಳಿದ ದರಗಳ ಪ್ರಕಾರ, ಬೆನ್ನಿನ ಅರ್ಧದವರೆಗಿನ ಕೂದಲಿಗೆ ಕೆರಾಟಿನ್ ಸುಮಾರು 4,500, ಸಲ್ಫೇಟ್ (ನೊರೆ ಬರಿಸುವ ರಾಸಾಯನಿಕ) ಇಲ್ಲದ ಶಾಂಪೂ ಕಂಡೀಷನರಿಗೆ ನಾಲ್ಕು ತಿಂಗಳಲ್ಲಿ 1,600. ಒಂದು ಮಳೆಗಾಲಕ್ಕೆ 6,100. ವರ್ಷಪೂರ್ತಿ ಹಾಗೇ ಬೇಕೆಂದರೆ ಮೂರು ಸಲ, 18,300. ಸ್ಮೂದನಿಂಗ್ 6,000, ಮೂರು ಸ್ಪಾಕ್ಕೆ 2,700, ಶಾಂಪೂ 3,000 ಸೇರಿ ವರ್ಷಕ್ಕೆ 11,700. ಕುರ್ಚಿಯಲ್ಲಿ ಕಡಿಮೆ ಕಂಡ ಕೆರಾಟಿನ್ನೇ ವರ್ಷದ ಲೆಕ್ಕದಲ್ಲಿ ದುಬಾರಿ. ಮಳೆಗಾಲಕ್ಕೆ ಮಾತ್ರ ಬೇಕು ಎನ್ನುವವರಿಗೆ ಕೆರಾಟಿನ್, ವರ್ಷವಿಡೀ ನೇರ ಬೇಕು, ಬಣ್ಣ ಬೀಳದ ಗಟ್ಟಿ ಕೂದಲಿದೆ ಎನ್ನುವವರಿಗೆ ಸ್ಮೂದನಿಂಗ್.

ಎಲ್ಲಿ ಮಾಡಿಸುವುದು

ಶಿರಸಿಯವರು ನೂರು ಕಿಲೋಮೀಟರ್ ದಾಟಿ ಹುಬ್ಬಳ್ಳಿಗೆ, ಕಾರವಾರದವರು ರೈಲು ಹತ್ತಿ ಮಡಗಾಂವಿಗೆ ಹೋಗುವುದುಂಟು. ಅಲ್ಲಿ ಕೈ ಪಳಗಿರುತ್ತದೆ, ದಿನಾ ಮಾಡುತ್ತಾರೆ, ಡಬ್ಬಿ ಬೇಗ ಖಾಲಿಯಾಗುವುದರಿಂದ ಮಾಲು ತಾಜಾ. ಆದರೆ ಬಸ್ಸಿನ ಕಿಟಕಿಯ ಪಕ್ಕ ಬೆವರುತ್ತ ವಾಪಸು ಬರಬೇಕು; ಹತ್ತನೇ ದಿನ ಒಂದು ಕಡೆ ಎದ್ದು ನಿಂತರೆ ಮತ್ತೆ ಇಡೀ ದಿನ ಖರ್ಚು. ಸಲೂನಿನ ಹೆಸರು ದೊಡ್ಡದು, ಮಾಡುವ ಹುಡುಗಿ ಯಾರೆಂದು ಗೊತ್ತಿಲ್ಲ. ನಮ್ಮೂರಿನ ಪಾರ್ಲರಿನಾಕೆ ಮಾರನೇ ದಿನ ಮೀನುಪೇಟೆಯಲ್ಲೋ ದೇವಸ್ಥಾನದಲ್ಲೋ ಎದುರು ಸಿಗುತ್ತಾಳೆ. ಆ ದಾಕ್ಷಿಣ್ಯವೂ ಒಂದು ಗ್ಯಾರಂಟಿಯೇ. ಕಿಟಕಿ ತೆರೆದ ಮನೆ ಪಾರ್ಲರ್ ಹೊಗೆಯ ವಿಷಯದಲ್ಲಿ ಏಸಿ ಸಲೂನಿಗಿಂತ ಮೇಲು. ಹೆಸರಿಲ್ಲದ ಪ್ಲಾಸ್ಟಿಕ್ ಡಬ್ಬಿಯಿಂದ ಕ್ರೀಮು ತೆಗೆದರೆ ಮಾತ್ರ ಎಲ್ಲಿದ್ದರೂ ಬೇಡ ಅನ್ನಿ.

ಇನ್ನೊಂದು ಪ್ರಶ್ನೆಯನ್ನು ನಮ್ಮ ಜಿಲ್ಲೆಯವರು ಕೇಳಲೇಬೇಕು: ಕರೆಂಟು ಹೋದರೆ? ಸ್ಮೂದನಿಂಗಿಗೆ ನಾಲ್ಕೈದು ತಾಸು ಹಿಡಿಯುತ್ತದೆ. ಬಂಧ ಒಡೆದ ಕೂದಲು ಸ್ಟ್ರೇಟ್ನರಿಗಾಗಿ ಕಾಯುತ್ತಿರುವಾಗ ಗುಡುಗಿ ಲೈನು ಹೋದರೆ, ಪಾರ್ಲರಿನ ಸಣ್ಣ ಇನ್ವರ್ಟರ್ ಫ್ಯಾನು ತಿರುಗಿಸೀತು, ಡ್ರೈಯರ್ ಎಳೆಯಲಾರದು. ಮಿರ್ಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಈ ಕೆಲಸಕ್ಕೆ ಹೋಗಲೇಬೇಡಿ.

ಆ ಮೂವರಿಗೆ ಹೇಳಿದ್ದು

ಮದುವೆ ಹುಡುಗಿಗೆ ಸ್ಪಾ. ಒಂದು ತಿಂಗಳು ಮುಂಚೆ ಒಮ್ಮೆ, ನಾಲ್ಕು ದಿನ ಮುಂಚೆ ಇನ್ನೊಮ್ಮೆ. ಕೆರಾಟಿನ್ನೋ ಸ್ಮೂದನಿಂಗೋ ಮಾಡಿಸಿ ನುಣುಪಾದ ಕೂದಲಿನಲ್ಲಿ ಪಿನ್ನು ನಿಲ್ಲುವುದಿಲ್ಲ. ಭಟ್ಕಳ ಮಲ್ಲಿಗೆಯ ದಂಡೆ ಹತ್ತು ಮೊಳ ಮುಡಿದರೆ ಧಾರೆಯ ಹೊತ್ತಿಗೆ ತುರುಬು ಕುತ್ತಿಗೆಗೆ ಇಳಿದಿರುತ್ತದೆ. ಅಲಂಕಾರ ಮಾಡುವಾಕೆಯೂ ಸ್ಮೂದನಿಂಗ್ ಆದ ಕೂದಲನ್ನು ಹಿಂದಕ್ಕೆ ಬಾಚಿ ಉಬ್ಬಿಸಲು ಒದ್ದಾಡುತ್ತಾಳೆ. ರಿಸೆಪ್ಶನ್ನಿಗೆ ಬಿಟ್ಟ ಕೂದಲು ಬೇಕಾದರೆ ಅಂದಿಗೆ ಐರನಿಂಗ್ ಸಾಕು. ಹುಡುಗಿ ಒಪ್ಪಿದಳು, ಅವಳ ಅಮ್ಮ ಇನ್ನೂ ಒಪ್ಪಿಲ್ಲ.

ಹೊನ್ನಾವರದ ತಂಗಿಗೆ ಏನೂ ಬೇಡ ಅಂದೆ. ಹೆರಿಗೆಯ ಮೂರನೇ ತಿಂಗಳ ಸುಮಾರಿಗೆ ಕೂದಲು ಹಿಡಿ ಹಿಡಿ ಉದುರುವುದು ಸಹಜ, ಹೆಚ್ಚಿನವರಿಗೆ ವರ್ಷ ತುಂಬುವುದರೊಳಗೆ ತಾನೇ ಸರಿಹೋಗುತ್ತದೆ. ಹಾಗೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ರಕ್ತದಲ್ಲಿ ಕಬ್ಬಿಣ, ಥೈರಾಯ್ಡ್ ನೋಡಿಸಬೇಕು. ಹಾಲುಣಿಸುವವಳಿಗೆ ಆ ಹೊಗೆಯಂತೂ ಬೇಡವೇ ಬೇಡ. ನೂರೈವತ್ತು ರೂಪಾಯಿ ಕೊಟ್ಟು ಮೂರು ಇಂಚು ಕತ್ತರಿಸಿಕೊಂಡು ಬಂದಳು. ಮಗು ಜಗ್ಗುವುದೂ ತಪ್ಪಿತು.

ಸದಾಶಿವಗಡದವಳ ಕೂದಲು ಗಟ್ಟಿ, ಬಣ್ಣ ಕಂಡದ್ದಲ್ಲ. ಎಳೆದು ನೋಡಿದೆವು, ವಾಪಸಾಯಿತು. ಆದರೆ ಸ್ಮೂದನಿಂಗ್ ಮಾಡಿಸಿದರೆ ವರ್ಷಾ ವರ್ಷಾ ಟಚಪ್ಪಿಗೆ ಸಿಕ್ಕಿಹಾಕಿಕೊಳ್ಳುತ್ತೇನೆ ಎಂಬ ಅಳುಕು ಅವಳಿಗೆ. ಹಾಗಾದರೆ ಈ ಮಳೆಗಾಲಕ್ಕೆ ಒಂದೇ ಸಲ ಕೆರಾಟಿನ್, ಕಿಟಕಿ ತೆರೆದು, ಡಬ್ಬಿ ಓದಿ ಅಂದೆ. ಜೂನ್ ಮೊದಲ ವಾರಕ್ಕೆ ಹೆಸರು ಬರೆಸಿದ್ದಳು, ಮೇ ಮಧ್ಯಕ್ಕೆ ಹಿಂದೆ ಹಾಕಿಸಿದ್ದಾಳೆ. ಶುಕ್ರವಾರ ಸಂಜೆ ಮಾಡಿಸಿ, ಸೋಮವಾರ ರಜೆ ಹಾಕುತ್ತಾಳಂತೆ, ಮೂರು ದಿನ ಹೆಲ್ಮೆಟ್ ಹಾಕಬಾರದಲ್ಲ. ಅಷ್ಟರಲ್ಲಿ ಅವರ ಕೇರಿಯಲ್ಲಿ ಯಾರಿಗೂ ಏನೂ ಆಗದಿರಲಿ.